ರಾಜಾಬೀಯ ಕಳುವಾದ ಕೂಗು

ಎಂಬತ್ತು!

ಸ್ಪೀಡೋಮೀಟರಿನ ಮುಳ್ಳು ಎಂಬತ್ತಕ್ಕೆ ಬಂದು ನಡುಗುತ್ತಿತ್ತು. ನನ್ನ ಬೈಕು ಅದಕ್ಕಿಂತ ಜೋರಾಗಿ ನಡುಗುತ್ತಿತ್ತು.

ಮುಂದೆ ಇನ್ನೊಂದು ಬೈಕು. ಅದರ ಎರಡೂ ಬದಿಗೆ ಜೋತುಬಿದ್ದ ಪ್ಲಾಸ್ಟಿಕ್ ಕೊಡಗಳು. ಹ್ಯಾಂಡಲ್‌ಗೆ ಕಟ್ಟಿದ ಸ್ಪೀಕರ್.

"ಕೂದಲಾ...! ತಲಿ ಕೂದಲಾ...! ಕೂದಲಾ ಕೊಡ್ರೆವ್ವಾ... ಕೊಡಾ ತಗೊಳ್ರೆವ್ವಾ...!"

ಆ ಕೂಗು ರಾಜಾಬೀಯದು. ಸಂಶಯವೇ ಬೇಡ.

ಆದರೆ ರಾಜಾಬೀ ಆ ಬೈಕಿನಲ್ಲಿ ಇರಲಿಲ್ಲ. ನನ್ನ ಹಿಂದೆ ಕೂತಿದ್ದಳು. ಎರಡೂ ಕೈಯಿಂದ ನನ್ನ ಅಂಗಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಅಲ್ಲಾನನ್ನು ನೆನೆಯುತ್ತಿದ್ದಳು... ಸದ್ದೇ ಇಲ್ಲದೆ!

ಅಂದರೆ, ಆಕೆಯ ಧ್ವನಿ ಮುಂದೆ ಓಡುತ್ತಿತ್ತು. ಆಕೆ ಅದನ್ನು ಬೆನ್ನಟ್ಟಿದ್ದಳು. ಇಂಥ ಕೇಸು ನೀವು ಕೇಳಿದ್ದೀರಾ? ನಾನೂ ಕೇಳಿರಲಿಲ್ಲ.

ಗಂಗಾವತಿ ದಾಟಿದ್ದೆವು. ಶ್ರೀರಾಮನಗರದ ರಸ್ತೆ. ಸುಗ್ಗಿ ಮುಗಿದ ದಿನಗಳು. ಅಲ್ಲಿಯ ಜನ ಸರ್ಕಾರದ ರಸ್ತೆಯನ್ನು ಪೂರ್ತಿ ಸದುಪಯೋಗ ಮಾಡಿಕೊಳ್ಳುತ್ತಾರೆ. ಅರ್ಧ ರಸ್ತೆ ಗಾಡಿಗೆ, ಅರ್ಧ ರಸ್ತೆ ಭತ್ತ ಒಣಗಿಸೋದಕ್ಕೆ.

ಮುಂದಿನವನು ಹಿಂತಿರುಗಿ ನನ್ನನ್ನು ನೋಡಿದ.

ಅದೇ ಅವನ ತಪ್ಪು.

ಭತ್ತದ ಮೇಲೆ ಚಕ್ರ ಹತ್ತಿತು. ಬೈಕು ಒಂದು ಕಡೆ, ಕೊಡಗಳು ಹತ್ತು ಕಡೆ, ಅವನು ಭತ್ತದೊಳಗೆ! ಭತ್ತ ಕಾಯುತ್ತಾ ಕೂತಿದ್ದ ಹೆಂಗಸು ಎದ್ದು ತೆಲುಗಿನಲ್ಲಿ ಶುರುಮಾಡಿದಳು. ನನಗೆ ತೆಲುಗು ಬರೋದಿಲ್ಲ. ಆದರೂ ಒಂದು ಶಬ್ದವೂ ಬಿಡದೆ ಅರ್ಥವಾಯಿತು.

ಸ್ಪೀಕರ್ ಮಾತ್ರ ಬಿದ್ದಲ್ಲಿಂದಲೇ ಕೂದಲು ಕೇಳುತ್ತಿತ್ತು.

ನಾನು ಅವನ ಕಾಲರ್ ಹಿಡಿದೆತ್ತಿದೆ.

"ಹೆಸರು?"

"ಪ... ಪಕೀರಪ್ಪ ರೀ."

"ಯಾರ ದನಿ ಇದು?"

"ಫೈಲ್ ರೀ ಅದು. ದನಿ ಅಲ್ರೀ!"

"ಯಾರು ಕೊಟ್ರು?"

ಅವನು ಬಿದ್ದ ಕೊಡ ಎಣಿಸತೊಡಗಿದ. ನಾನು ಅವನ ಬೈಕಿನ ಕೀ ಕಿತ್ತುಕೊಂಡೆ. ಹಲ್ಲು ಕಿತ್ತರೂ ಬಾಯಿಬಿಡದ ಗಂಡಸು ಕೀ ಕಿತ್ತರೆ ಬಾಯಿಬಿಡುತ್ತಾನೆ. ಇದು ನನ್ನ ಅನುಭವ.

"ಗಾಳೇಶಣ್ಣ ರೀ! ಗಂಗಾವತಿಯಾಗ ಡಿಜಿಟಲ್ ಸೌಂಡ್ಸ್ ಇಟ್ಟಾನಲ್ರೀ... ಅಂವಾ ಮಾರ್ಯಾನ ರೀ!"

ರಾಜಾಬೀ ಆ ಹೆಸರು ಕೇಳಿ ಭತ್ತದ ಪಕ್ಕದಲ್ಲೇ ಕುಕ್ಕರಿಸಿದಳು. ಬಾಯಿ ತೆರೆದಳು. ಗರಗಸ ಎಳೆದ ಹಾಗೆ ಒಂದು ಸದ್ದು ಬಂತು.

"ನಾನಽ ಹೋಗಿ ಅವನ ಮುಂದ ಒದರಿ ಬಂದಿದ್ನೆಲ್ಲೋ ತಮ್ಮಾ..."

*

ನಿಲ್ಲಿ. ನಾನು ಯಾರು ಅಂತ ಹೇಳಲಿಲ್ಲ.

ಗವಿಸಿದ್ದೇಶ. ಊರು ಕೊಪ್ಪಳ. ಮೊದಲು ಫೈನಾನ್ಸಿನವರಿಗೆ ಬೈಕ್ ಸೀಜ್ ಮಾಡಿಕೊಡುತ್ತಿದ್ದೆ. ಈಗ ಜನರ ಜಗಳ ಬಗೆಹರಿಸುತ್ತೇನೆ. ವ್ಯತ್ಯಾಸ ಇಷ್ಟೇ. ಆಗ ಒಂದೇ ಪಾರ್ಟಿ ಬೈಯುತ್ತಿತ್ತು, ಈಗ ಎರಡೂ ಬೈಯುತ್ತವೆ.

ನಮ್ಮ ಕಡೆ ಕೂದಲು ಅಂದರೆ ಕಸ ಅಲ್ಲ, ಮಾಲು. ತಲೆ ಬಾಚಿದಾಗ ಉದುರಿದ ಕೂದಲನ್ನು ಹೆಂಗಸರು ಕ್ಯಾರಿಬ್ಯಾಗಿನಲ್ಲಿ ತುರುಕಿ ಜಂತಿಗೆ ಸಿಗಿಸಿ ಇಡುತ್ತಾರೆ. ಕೂದಲಿನವರು ಬಂದು ತೂಗಿ, ಬದಲಿಗೆ ಕೊಡವೋ ಬುಟ್ಟಿಯೋ ಕೊಡುತ್ತಾರೆ. ಆ ಕೂದಲು ನಮ್ಮೂರ ಪಕ್ಕದ ಭಾಗ್ಯನಗರದ ಗೋಡೌನಿಗೆ ಹೋಗಿ, ಸಿಕ್ಕು ಬಿಡಿಸಿಕೊಂಡು, ಹಡಗು ಹತ್ತುತ್ತದೆ. ಬೇವೂರಿನಂಥ ಹಳ್ಳಿಯ ಸೊಸೆಯ ಜಡೆ ಯಾವುದೋ ದೇಶದ ಬೋಳುತಲೆಯ ಮೇಲೆ ಕೂತು ಪಾರ್ಟಿಗೆ ಹೋಗುತ್ತದೆ. ಸೊಸೆಗೆ ಮಾತ್ರ ಪಾಸ್‌ಪೋರ್ಟ್ ಇಲ್ಲ.

ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ... ಈ ನಾಲ್ಕೂ ಕಡೆ ಈ ಧಂದೆಯಲ್ಲಿ ರಾಜಾಬೀಗೆ ಸಮ ಯಾರೂ ಇರಲಿಲ್ಲ. ಕಾರಣ ಆಕೆಯ ಕೂಗು. ಊರಬಾಗಿಲ ಅಗಸಿಯಲ್ಲಿ ಒಮ್ಮೆ "ಕೂದಲಾ...!" ಅಂದರೆ ಊರಿನ ಆ ತುದಿಯಲ್ಲಿ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು. ತೂಕ ನೇರ. ಕೊಡ ಗಟ್ಟಿ. ಹೀಗಾಗಿ ಆಕೆಯ ಕೂಗಿಗೆ ನಂಬಿಕೆ.

ಆಮೇಲೆ ಗಂಟಲು ಕೈಕೊಟ್ಟಿತು. ಒದರಿದರೆ ಇದ್ದದ್ದೂ ಹೋಗುತ್ತದೆ ಅಂದರು ಡಾಕ್ಟರು. ಪೂರ್ತಿ ಹೋಗುವ ಮೊದಲು ರೆಕಾರ್ಡ್ ಮಾಡಿಟ್ಟುಕೊಳ್ಳೋಣ ಅಂತ ಆಕೆ ಗಾಳೇಶನ ಅಂಗಡಿಗೆ ಹೋದಳು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಮೈಕಿನ ಮುಂದೆ ಒಂದೇ ಒಂದು ಸಲ ಕೂಗಿದಳು. ಅವತ್ತೇ ಗಂಟಲು ಒಡೆಯಿತು. ಒಳ್ಳೆಯ ಧ್ವನಿ ಅಂತ ಉಳಿದದ್ದು ಆ ಫೈಲಿನಲ್ಲಿ ಮಾತ್ರ.

ಸ್ವಲ್ಪ ದಿನಕ್ಕೆ ಯಾರ್ಯಾರದೋ ಬೈಕುಗಳು ಅದೇ ಕೂಗು ಹಾಕಿಕೊಂಡು ಊರೂರು ತಿರುಗತೊಡಗಿದವು. ಹೆಂಗಸರು ಓಡಿಬಂದರು. 'ರಾಜಾಬೀ ಮಂದಿ ಅದೀವ್ರಿ' ಅಂದರು ಬೈಕಿನವರು. ತೂಕದಲ್ಲಿ ಮೋಸ. ಕೊಡದ ತಳಕ್ಕೆ ಮೇಣ ಮೆತ್ತಿ ತೂತು ಮುಚ್ಚಿದ್ದರು. ಬಿಸಿನೀರು ಹಾಕಿದ ಕೂಡಲೇ... ಕೊಡ ಅಲ್ಲ, ಜರಡಿ!

ಬೇವೂರಿನ ಹೆಂಗಸರು ರಾಜಾಬೀಯನ್ನೇ ಹಿಡಿದು ಕೂರಿಸಿದರು. ಅಲ್ಲಿಯ ಮಹಿಳಾ ಸಂಘದ ಮುಖಂಡತಿ ಕರಿಯವ್ವ ಆಕೆಯ ತಕ್ಕಡಿ ಕಸಿದುಕೊಂಡಳು.

"ನಿನ್ನ ದನಿ ಅಂದ್ರ ನಿನ್ನ ಮಂದಿ. ನಮ್ಮ ಕೊಡಾ ಕೊಡು, ಇಲ್ಲಾ ಕಳ್ಳನ್ನ ತಂದು ನಿಲ್ಸು. ಎರಡೂ ಆಗ್ಲಿಲ್ಲಂದ್ರ ಈ ಸೀಮ್ಯಾಗ ಕಾಲಿಡಬ್ಯಾಡ!"

ಬೇವೂರು ಬಾಗಿಲು ಹಾಕಿದರೆ ಅಕ್ಕಪಕ್ಕದ ಹಳ್ಳಿಗಳೂ ಹಾಕುತ್ತವೆ. ಆ ಹೆಂಗಸಿಗೆ ಬೇರೆ ಕಸುಬು ಗೊತ್ತಿಲ್ಲ. ಗಂಟಲು ಹೋಗಿತ್ತು. ಈಗ ಹೊಟ್ಟೆಯೂ ಹೋಗುವುದಿತ್ತು. ನನಗೆ ನಿಜವಾಗಿ ಸಿಟ್ಟು ಬಂತು. ಅದಕ್ಕೇ ಕೇಸು ತಗೊಂಡೆ.

*

ಗಾಳೇಶನ ಅಂಗಡಿ. ಗಾಜಿನ ಬಾಗಿಲು. ಒಳಗೆ ಆಳೆತ್ತರದ ಡಿಜೆ ಬಾಕ್ಸುಗಳು. ಮಧ್ಯೆ ತಿರುಗುವ ಕುರ್ಚಿಯಲ್ಲಿ ಗಾಳೇಶ. ನಾಲ್ಕು ಬೆರಳಿಗೆ ನಾಲ್ಕು ಉಂಗುರ.

ರಾಜಾಬೀಯನ್ನು ಚಹಾದ ಅಂಗಡಿಯಲ್ಲಿ ಕೂರಿಸಿ ನಾನೊಬ್ಬನೇ ಗಿರಾಕಿಯಾಗಿ ಹೋದೆ. ಜೇಬಿನಲ್ಲಿ ಒಂದು ಪೆನ್‌ಡ್ರೈವ್. ಅದರಲ್ಲಿ ಎರಡು ಫೈಲು. ಒಂದು ಪಕೀರಪ್ಪನ ಸ್ಪೀಕರಿನದು, ಒಂದು ರಾಜಾಬೀಯ ಸ್ಪೀಕರಿನದು.

"ಅಣ್ಣಾರ, ಕೂದಲಿನ ಕೂಗು ಬೇಕಾಗಿತ್ತು. ಆದ್ರ ಕುಷ್ಟಗಿಯಾಗ ಒಬ್ಬಾಂವ ಹೇಳಿದಾ... ನಿಮ್ಮಲ್ಲಿ ಸಿಗೂದು ಡೂಪ್ಲಿಕೇಟ್ ಅಂತ."

ಗಾಳೇಶ ಕುರ್ಚಿಯಿಂದ ಎದ್ದೇಬಿಟ್ಟ.

"ಡೂಪ್ಲಿಕೇಟಾ? ನನ್ನ ಮಾಲಾ? ಲೇ, ಡಿಜಿಟಲ್ ಅಂದ್ರ ಏನಂತ ಗೊತ್ತೈತೇನು ಅವಂಗ?"

"ನನಗೂ ಗೊತ್ತಿಲ್ರೀ."

ಅಷ್ಟು ಸಾಕಾಯಿತು. ಕಳ್ಳನಿಗೆ ದುಡ್ಡಿಗಿಂತ ಪಾಠ ಹೇಳುವ ಚಟ ದೊಡ್ಡದು.

"ಕಾಲುವಿ ನೋಡೀಯಿಲ್ಲೋ? ತೂಬಿನ ಹತ್ರ ಗೋಡಿ ಮ್ಯಾಲ ಗೆರಿ ಎಳದು ನಂಬರ್ ಬರದಿರ್ತಾರ. ನೀರು ಎಷ್ಟು ಏರೇತಿ, ಎಷ್ಟು ಇಳದೈತಿ, ನೋಡಿ ಬರ್ಕೋತಾರ. ಹೌದಿಲ್ಲೋ?"

"ಹೌದ್ರಿ."

"ದನಿ ಅಂದ್ರನೂ ಅಷ್ಟಽ. ಗಾಳಿ ಏರತೈತಿ, ಇಳೀತೈತಿ. ಮೈಕಿನಾಗಿನ ಪರದೆ ಅಲುಗಾಡತೈತಿ. ಕಂಪ್ಯೂಟರ್ ಅದನ್ನ ಅಳದು ಬರ್ಕೋತೈತಿ. ಸೆಕೆಂಡಿಗೆ ಎಷ್ಟು ಸಲ ಹೇಳು?"

"ಹತ್ತು?"

"ನಲವತ್ನಾಕು ಸಾವಿರದ ನೂರು ಸಲ!" ಮೇಜು ಗುದ್ದಿದ. "ಬರೀ ನಂಬರ್! ಇಷ್ಟು ಮ್ಯಾಲ, ಇಷ್ಟು ಕೆಳಗ. ಆ ನಂಬರ್ ಹೇಳಿದಂಗ ಸ್ಪೀಕರಿನ ಹಾಳಿ ಕುಣದ್ರ, ಮತ್ತ ಅದಽ ದನಿ. ಫೈಲಿನಾಗ ಹೆಂಗಸೂ ಇಲ್ಲ, ಗಂಟಲೂ ಇಲ್ಲ."

"ಮತ್ತ ಎಲ್ಲಾ ಬೈಕಿನಾಗೂ 'ಕೂದಲಾ' ಅನ್ನೂವಾಗ ಚರ್ರ್ ಅಂತೈತಲ್ರೀ?"

ಸ್ವಲ್ಪ ಮುಖ ಸಣ್ಣಗಾಯಿತು. "ಅದಾ... ಆ ಮುದುಕಿ ಭಾಳ ಜೋರಾಗಿ ಒದರಿದ್ಲು. ಗೋಡಿ ಮ್ಯಾಲಿನ ನಂಬರ್ ಮುಗದ್ರ ಮುಂದಿನ ನೀರು ಹೆಂಗ ಅಳೀತಿ? ಕಟ್ಟಕಡೀ ನಂಬರನ್ನಽ ಬರ್ಕೊಂತ ಕುಂದ್ರಬೇಕು. ತೆರಿ ನೆತ್ತಿ ಸಪಾಟ ಆತು. ಅದಕ್ಕ ಚರ್ರ್ ಅಂತೈತಿ. ಎಲ್ಲಾ ಕಾಪಿಯಾಗೂ ಅಲ್ಲೇ ಅಂತೈತಿ. ಅದಽ ಗ್ಯಾರಂಟಿ!"

ನಾನು ಪೆನ್‌ಡ್ರೈವ್ ಕೊಟ್ಟೆ. "ಇವೆರಡೂ ಒಂದಽ ಏನು, ಪರೀಕ್ಷೆ ಮಾಡಿ ತೋರಸ್ರಿ."

"ನೋಡು ಈಗ!" ಲ್ಯಾಪ್‌ಟಾಪಿನಲ್ಲಿ ಎರಡು ಅಂಕುಡೊಂಕು ಗೆರೆಗಳು ಮೂಡಿದವು. "ಎರಡನೇದನ್ನ ತಲಿ ಕೆಳಗ ಮಾಡ್ತೀನಿ. ಮ್ಯಾಲಿದ್ದದ್ದು ಕೆಳಗ. ಐದು ಇದ್ದಲ್ಲಿ ಮೈನಸ್ ಐದು. ಈಗ ಎರಡನ್ನೂ ಕೂಡಸ್ತೀನಿ. ಬ್ಯಾರೆ ಬ್ಯಾರೆ ಇದ್ರ ಏನಾರ ಉಳೀತೈತಿ. ಒಂದಽ ಇದ್ರ..."

ಒತ್ತಿದ.

ಏನೂ ಇಲ್ಲ! ಕೂಗಿಲ್ಲ, ಚರ್ರ್ ಇಲ್ಲ, ಉಸಿರೂ ಇಲ್ಲ.

"ಸೊನ್ನಿ!" ಅಂದ ಗಾಳೇಶ, ಪ್ರಶಸ್ತಿ ಬಂದವನ ಹಾಗೆ. ಆ ಸೊನ್ನೆಯನ್ನು ನನ್ನ ಪೆನ್‌ಡ್ರೈವಿಗೇ ಸೇವ್ ಮಾಡಿದ. "ಹೋಗಿ ಆ ಕುಷ್ಟಗಿಯಾಂವಗ ಕೇಳಸು!"

"ಅಂದ್ರ ನೀವು ಮಾರಿದ್ದೂ, ರಾಜಾಬೀ ಹತ್ರ ಇರೂದೂ ಒಂದಽ ಫೈಲು ಅನ್ರಿ."

"ಮತ್ತ?"

"ಆಕಿಗೆ ಕೇಳದಽ ಮಾರೀರಿ ಅನ್ರಿ."

ಗಾಳೇಶನ ಉಂಗುರಗಳು ಮೇಜಿನ ಮೇಲೆ ನಿಂತವು. ನನ್ನನ್ನು ಮೇಲಿಂದ ಕೆಳಗೆ ನೋಡಿದ. ಪಾಠ ಮುಗಿದಿತ್ತು.

"ಯಾರಲೇ ನೀ?"

ಉತ್ತರಕ್ಕೆ ಕಾಯಲಿಲ್ಲ. ಹೊರಗೆ ಹಾರಿದ. ಬಾಗಿಲಿಗೆ ಹೊರಗಿಂದ ಕೀಲಿ ಬಿತ್ತು. ಗಾಜಿನ ಆಚೆ ನಿಂತು ಫೋನಿನಲ್ಲಿ ಏನೋ ಒತ್ತಿ ನಕ್ಕ.

ಡಮ್!

ಬಾಕ್ಸುಗಳು ಎದ್ದವು. ಎಲ್ಲವೂ ಒಟ್ಟಿಗೆ!

ನೆಲ ಕುಣಿಯಿತು. ಪಕ್ಕೆಲುಬು ಕುಣಿದವು. ಹಲ್ಲು ಒಂದಕ್ಕೊಂದು ಬಡಿದುಕೊಂಡವು. ನಾನು ಲಾಠಿ ಏಟು ತಿಂದಿದ್ದೇನೆ, ಎಮ್ಮೆಯ ಕೋಡಿನಿಂದ ತಿವಿಸಿಕೊಂಡಿದ್ದೇನೆ... ಇದು ಬೇರೆ! ಕಿವಿ ಮುಚ್ಚಿಕೊಂಡರೆ ಹೊಟ್ಟೆಯಿಂದ ಕೇಳಿಸುತ್ತಿತ್ತು. ಮೊಣಕಾಲ ಮೇಲೆ ಬಿದ್ದೆ. ಪೆನ್‌ಡ್ರೈವ್ ಕಿತ್ತುಕೊಂಡೆ. ಕಣ್ಣು ಮಂಜಾಯಿತು. ಕತೆ ಮುಗಿಯಿತು ಅಂದುಕೊಂಡೆ.

ಆಗ ಕರೆಂಟು ಹೋಯಿತು.

ಜೀವಮಾನವಿಡೀ ಕರೆಂಟಿನವರನ್ನು ಬೈದಿದ್ದೇನೆ. ಅವತ್ತು ಕೈಮುಗಿದೆ. ಕುರ್ಚಿ ಎತ್ತಿ ಗಾಜಿಗೆ ಬೀಸಿದೆ. ಗಾಳೇಶ ಓಣಿಯ ತಿರುವಿನಲ್ಲಿ ಮಾಯವಾಗಿದ್ದ.

*

ಒಂದು ಠಾಣೆಗೆ ಹೋದೆವು. ಯಾವುದು ಅಂತ ಬೇಡ. ನನಗೆ ಮುಂದೆಯೂ ಅಲ್ಲಿ ಕೆಲಸ ಇರುತ್ತದೆ.

"ಏನು ಕಳುವಾಗೈತಿ?" ಅಂದರು ಸಾಹೇಬರು.

"ಈಕಿ ದನಿ ರೀ."

ಅವರು ರಾಜಾಬೀ ಕಡೆ ತಿರುಗಿದರು. "ಮಾತಾಡಮ್ಮಾ."

"ನಮಸ್ಕಾರ್ರೀ ಸಾಹೇಬ್ರ..." ಗರಗಸ ಎಳೆಯಿತು.

"ಐತಲ್ಲ! ಎಲ್ಲಿ ಕಳುವಾಗೈತಿ?"

ನಾನು ಸಾಕ್ಷಿ ತೆಗೆದೆ. ಅವರದೇ ಕಂಪ್ಯೂಟರಿಗೆ ಹಾಕಿ ಒತ್ತಿದೆ. ಸಾಹೇಬರು ಕಿವಿ ಮುಂದೆ ತಂದರು. ಆಮೇಲೆ ಇನ್ನೊಂದು ಕಿವಿ.

"ಏನೂ ಕೇಳ್ಸವಲ್ತು."

"ಅದಽ ಸಾಕ್ಷಿ ರೀ!"

ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಕಳುವಾದ ವಸ್ತು, ದನಿ. ಸಿಕ್ಕ ಸಾಕ್ಷಿ, ಏನೂ ಇಲ್ಲ. ಹಿಂಗ ಬರದು ಮ್ಯಾಲೆ ಕಳಸ್ಲೇನು? ನನ್ನ ಟ್ರಾನ್ಸ್‌ಫರ್ ಮಾಡಸಾಕ ಬಂದೀಯೇನಲೇ?"

ಹೊರಗೆ ಬಂದೆವು. ರಾಜಾಬೀ ಮೆಟ್ಟಿಲ ಮೇಲೆ ಕೂತಳು.

"ಬಿಟ್ಬಿಡು ತಮ್ಮಾ. ನಾ ಎಲ್ಲ್ಯಾರ ಮುಸುರಿ ತಿಕ್ಕಿ ತಿಂತೀನಿ."

"ಸುಮ್ನಿರು ಅಕ್ಕಾ. ಬೇವೂರಿಗಿ ಹೋಗೂಣು."

*

ಕರಿಯವ್ವನಿಗೆ ಒಂದೇ ಮಾತು ಹೇಳಿದೆ. "ಯವ್ವಾ, ಕಳ್ಳ ತಾನಽ ನಿಮ್ಮೂರಿಗಿ ಬರ್ತಾನ. ನೀವು ಒಂದು ಫೋನ್ ಮಾಡ್ಬೇಕು."

"ಏನಂತ?"

"ಮದುವಿಗೆ ಡಿಜೆ ಬೇಕು ಅಂತ."

ಮರುದಿನ ಬೆಳಗ್ಗೆಯೇ ಗಾಳೇಶ ಪಿಕಪ್ ಗಾಡಿಯ ತುಂಬ ಬಾಕ್ಸ್ ಹೇರಿಕೊಂಡು ಬಂದ. ಸಮುದಾಯ ಭವನದ ಮುಂದೆ ಇಳಿದ. ಎದುರಿಗೆ ಊರಿನ ಹೆಂಗಸರೆಲ್ಲ. ಪ್ರತಿಯೊಬ್ಬಳ ಕಂಕುಳಲ್ಲಿ ಒಂದೊಂದು ತೂತಿನ ಕೊಡ. ಪ್ರತಿಯೊಬ್ಬಳ ಕೈಯಲ್ಲಿ ಒಂದೊಂದು ಮೊಬೈಲು. ನಾನು ಗಾಡಿಯ ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಹಳೆಯ ಕಸುಬು.

ನಾನು ಎಲ್ಲ ವಿವರಿಸಿದೆ. ಕಾಲುವೆ, ನಂಬರು, ಸೊನ್ನೆ. ಕೀಗಾಗಿ ನನ್ನ ಹಿಂದೆಯೇ ಬಂದಿದ್ದ ಪಕೀರಪ್ಪನನ್ನು ನಿಲ್ಲಿಸಿ ಬಾಯಿಬಿಡಿಸಿದೆ. ಗೆದ್ದೆ ಅಂದುಕೊಂಡೆ.

ಗಾಳೇಶ ನಕ್ಕ.

"ಮಾರೇನಿ ರೀ, ಇಲ್ಲ ಅನ್ನಂಗಿಲ್ಲ. ಯಾರು ಮಾರ್ಸ್ಯಾರ ಕೇಳ್ರಿ! ಈಕಿನಽ ಬಂದು ಒದರಿ, 'ಎಲ್ಲಾರಿಗೂ ಹಂಚು, ನನಗ ಪಾಲು ಕೊಡು' ಅಂದಾಳ!"

ಹೆಂಗಸರ ಗುಂಪು ಗುಜುಗುಜು ಅಂದಿತು. ಕರಿಯವ್ವ ನನ್ನ ಕಡೆ ತಿರುಗಿದಳು.

"ಎಲ್ಲಾ ಒಂದಽ ಫೈಲು ಅಂತ ನೀನಽ ಹೇಳ್ದಿ. ಒಂದಽ ಅಂದ್ರ ಈಕೀದಽ ಆತಲ್ಲೋ?"

  ನಾನು ಊರಿಂದೂರಿಗೆ ಹೊತ್ತುಕೊಂಡು ತಿರುಗಿದ ಸಾಕ್ಷಿ ಆಕೆಯ ಕೊರಳಿಗೇ ಬಿತ್ತು!

ಯಾರೋ ಚೀರಿದರು, "ಕೊಡಾ ಬಿಸಾಕ್ರೇ ಆಕಿ ಮ್ಯಾಲ!"

ರಾಜಾಬೀ ಎದ್ದಳು. ನಡೆದು ನೇರ ಕರಿಯವ್ವನ ಮುಂದೆ ನಿಂತಳು. ಗರಗಸದ ಧ್ವನಿ. ಎಲ್ಲರೂ ಕಿವಿ ಕೊಡಬೇಕಾಯಿತು.

"ಕರಿಯವ್ವಾ. ನೀ ಚೀಲದಾಗ ಆಡಿನ ಕೂದಲಾ ಕೂಡಿಸಿ ಕೊಡ್ತಿದ್ದಿ. ನೆಪ್ಪೈತಿ?"

ಕರಿಯವ್ವ ಕಂಕುಳಲ್ಲಿನ ಕೊಡ ಸರಿಪಡಿಸಿಕೊಂಡಳು.

"ನಾ ಮನಿಗಿ ಹೋಗಿ ಆರಿಸಿ ಬಿಸಾಕ್ತಿದ್ದೆ. ಒಂದ್ಸಲ ಅಂದೆನೇನು? ಕೊಡಾ ಕೊಡೂದು ಬಿಟ್ಟೆನೇನು?"

"ಏ... ಅದು ಆಡು ಬಂದು ಒರಗಿತ್ತು..."

"ವಿರೂಪಾಕ್ಷಮ್ಮಾ! ನಿನ್ನ ಕೂದಲಾ ಯಾವಾಗ್ಲೂ ಹಸೀ. ತೂಕ ಬರ್ಲಿ ಅಂತ ನೀರು ಚಿಮುಕಸ್ತಿದ್ದಿ. ನಾ ಮುಖ ಗಂಟಿಕ್ಕಿದೆನೇನು?"

ವಿರೂಪಾಕ್ಷಮ್ಮ ತಲೆಯ ಮೇಲಿನ ಸೆರಗು ಮುಖಕ್ಕೆ ಎಳೆದುಕೊಂಡಳು.

"ನೀನು, ಹಸಿರು ಸೀರಿ... ಉಸುಕು! ನೀನು... ಹಳೇ ಚೌರಿ! ಎಲ್ಲಾರ್ದೂ ಗೊತ್ತೈತಿ ನನಗ. ಬಡವ್ರ ಮನಿ, ಒಂದು ಕೊಡದಾಸಿಗೆ ಮಾಡ್ತಾರ ಅಂತ ನುಂಗ್ಕೊಂಡೆ. ಅಷ್ಟು ವರ್ಷ ನೀವು ಮಾಡಿದ ಮೋಸ ನುಂಗಿದಾಕಿ... ನಿಮಗ ತೂತಿನ ಕೊಡಾ ಕಳಸ್ತೀನೇನ್ರೇ?"

ಕೊನೆಯ ಮಾತಿಗೆ ಇದ್ದ ಧ್ವನಿಯೂ ಮುರಿಯಿತು. ಆಕೆ ಅಳುತ್ತಿದ್ದಳು. 

 ಆಮೇಲೆ ರಾಜಾಬೀ ಮೂಗು ಒರೆಸಿಕೊಂಡು ಬಲಗಡೆ ಸಾಲಿಗೆ ತಿರುಗಿದಳು. ಆ ಸಾಲಿನ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು.

"ಮತ್ತ ನೀನು, ಸುಕನ್ಯಾ..."

"ಸಾಕು ಬಿಡು ರಾಜಕ್ಕಾ!" ಸುಕನ್ಯಾ ಓಡಿಬಂದು ಆಕೆಯ ಬಾಯಿಗೆ ಕೈ ಅಡ್ಡ ಹಿಡಿದಳು. "ನೀ ಅಂಥಾಕಿ ಅಲ್ಲಾ! ನಮಗ ಮೊದಲಽ ಗೊತ್ತಿತ್ತು!"

"ಬಂಗಾರದಂಥಾಕಿ!" ಅಂದಳು ಹಸಿರು ಸೀರೆ.

"ಎಲ್ಲಾ ಇವಂದಽ!" ಅಂತ ಕರಿಯವ್ವ ಗಾಳೇಶನ ಕಡೆ ತಿರುಗಿದಳು. ಕೈಯಲ್ಲಿ ಕೊಡ ಮೇಲೆದ್ದಿತ್ತು.

ಗಾಳೇಶ ಗಾಡಿಯತ್ತ ಓಡಿದ. ಕೀ ಇರಲಿಲ್ಲ. ಅವನ ತಲೆಯ ಮೇಲೆ ಮೊದಲ ಕೊಡ ಬಿತ್ತು. ಪ್ಲಾಸ್ಟಿಕ್ ಕೊಡ ಆದ್ದರಿಂದ ಬದುಕಿದ.

"ಅದು ಬರೀ ನಂಬರ್ ಐತ್ರೀ ಯವ್ವಾ!" ಅಂತ ಒದರುತ್ತಿದ್ದ.

"ಹೌದೇನಪಾ? ಮತ್ತ ನೀನೂ ಎಣಿಸ್ಕೋ!"

ಸಂಜೆಯೊಳಗೆ ಗಾಳೇಶನ ಖರ್ಚಿನಲ್ಲಿ ಬೇವೂರಿಗೆ ಹೊಸ ಕೊಡ ಬಂದವು. ಗಟ್ಟಿ ಕೊಡ. ಎಲ್ಲ ಹಳ್ಳಿಗೂ ಕೊಡುವ ತನಕ ಡಿಜೆ ಬಾಕ್ಸ್ ಊರಲ್ಲೇ ಇರಬೇಕು ಅಂತ ತೀರ್ಮಾನವಾಯಿತು. ಈಗ ಅವುಗಳ ಮೇಲೆ ಮೆಣಸಿನಕಾಯಿ ಒಣಗುತ್ತಿವೆ. ರಾಜಾಬೀಗೆ ತಕ್ಕಡಿ ಸಿಕ್ಕಿತು. ಆಕೆ ಈಗ ಸ್ಪೀಕರ್ ಇಲ್ಲದೆ, ಕೂಗದೆ, ಸುಮ್ಮನೆ ಓಣಿಯಲ್ಲಿ ನಡೆದು ಬರುತ್ತಾಳೆ. ಹೆಂಗಸರು ನೋಡಿದ ಕೂಡಲೇ ಚೀಲ ತರುತ್ತಾರೆ. ಕೂದಲು ಒಣಗಿರುತ್ತದೆ. ಬೇವೂರಿನಲ್ಲಿ ಆಡುಗಳು ಚೀಲಕ್ಕೆ ಒರಗುವುದನ್ನು ಬಿಟ್ಟಿವೆ.

ಕೇಸು ಕ್ಲೋಸ್ ಅಂದುಕೊಂಡೆ.

ಮೊನ್ನೆ ಹಿಟ್ನಾಳದಲ್ಲಿ ಚಹಾ ಕುಡಿಯುತ್ತಿದ್ದೆ. ಹೈವೇ ಪಕ್ಕದಲ್ಲಿ ಒಂದು ಬೈಕು ಹಾದುಹೋಯಿತು. ಕೊಡಗಳು. ಸ್ಪೀಕರ್. ಈ ಸಲ ಗರಗಸದ ಧ್ವನಿ!

"ಕರಿಯವ್ವಾ...! ಆಡಿನ ಕೂದಲಾ ಕೂಡಿಸಿ ಕೊಡ್ತಿದ್ದಿ...! ವಿರೂಪಾಕ್ಷಮ್ಮಾ...! ನಿನ್ನ ಕೂದಲಾ ಹಸೀ...!"

ಹಿಂದೆಯೇ ಇನ್ನೊಂದು ಬೈಕು. ಅದೇ ಧ್ವನಿ, ಅದೇ ಅಳು! ಮೋಸದ ಕೂದಲು ನಡೆಯುವುದಿಲ್ಲ ಅಂತ ಹೇಳಲು ಇದಕ್ಕಿಂತ ಒಳ್ಳೆಯ ಜಾಹೀರಾತು ಸಿಗಲಿಲ್ಲವಂತೆ ಈ ಬೈಕಿನವರಿಗೆ.

ಫೋನ್ ಬಂತು. ಕರಿಯವ್ವ. ಅಳುತ್ತಿದ್ದಳು.

"ತಮ್ಮಾ, ಕುಷ್ಟಗಿ ಬಸ್‌ಸ್ಟ್ಯಾಂಡಿನಾಗ ನನ್ನ ಹೆಸರು ಹಿಡದು ಒದರಾಕತ್ತಾವಂತೋ! ನನ್ನ ಮಾನ ಕಳುವಾಗೈತಿ! ಹುಡುಕಿ ಕೊಡು!"

"ಅವತ್ತು ವಿಡಿಯೋ ಮಾಡಿ ಹೊರಗ ಬಿಟ್ಟಾರಲ್ಲ ಯವ್ವಾ... ಯಾರದು ಮೊದಲ ಹೋತು, ಗೊತ್ತೈತೇನು?"

ಅಳು ನಿಂತಿತು. 

"...ನಂದಽ. ಪೂರಾ ವಿಡಿಯೋ ಸ್ಟೇಟಸ್ ಇಟ್ಟಿದ್ದೆ. ಗಾಳೇಶಗ ಕೊಡಾ ಹೊಡದದ್ದು ಛಲೋ ಬಂದಿತ್ತು ಅಂತ. ಡಿಲೀಟ್ ಮಾಡ್ಲೇನು?"

"ಮಾಡು ಯವ್ವಾ," ಅಂದೆ. "ನಿನ್ನ ಫೋನಿಂದು ನೀ ಮಾಡು. ಉಳಿದ ನಾಕು ತಾಲೂಕಿಂದು ನಾ ನೋಡ್ಕೋತೀನಿ!"